ಹಿತ್ತಲ ಹೊಂಡದ ನೀರು ರಾತ್ರಿಯೇ ಇಳಿಯುತ್ತಿದೆ: ಹಾಳೆ ತೂತಾಗಿದೆಯಾ?

ಪ್ರಶ್ನೆ (ವಿಜಯಪುರ)
ಎಲ್ಲರಿಗೂ ನಮಸ್ಕಾರ್ರೀ. ಹಿತ್ತಲಲ್ಲಿ ಹೊಂಡದ ಕಿಟ್ ಕೂಡಿಸಿದ್ದೇವೆ. 14×12 ಅಡಿ ರಬ್ಬರ್ ಹಾಳೆ, ಪಂಪು, ಪೈಪು, ನೀರು ಧುಮುಕಲು ಒಂದು ಸಣ್ಣ ತೊಟ್ಟಿ. ಡಬ್ಬಿ ಮೇಲೆ ‘10×8 ಅಡಿ ಹೊಂಡಕ್ಕೆ’ ಅಂತ ಇದೆ. ನಮ್ಮ ಬಿಸಿಲಿಗೆ ಮೀನು ಉಳಿಯಲಿ ಅಂತ 2 ಅಡಿ ಆಳ ತೋಡಿಸಿದೆವು. ಎರಿ ಮಣ್ಣು. ಈಗ ಬೆಳಗಾಗುವಷ್ಟರಲ್ಲಿ ಎರಡು ಬೆರಳು ನೀರು ಕಡಿಮೆಯಾಗಿರುತ್ತದೆ. ಸವರಿ ನೋಡಿದರೂ ತೂತು ಸಿಗುತ್ತಿಲ್ಲ. ಹೊಸ ಹಾಳೆ ತರಿಸಬೇಕಾ?

ಉತ್ತರ (ಬಾಗಲಕೋಟೆ)
ತಡೀರಿ ಅಕ್ಕಾ, ಈಗಲೇ ದುಡ್ಡು ಹಾಕಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ದಿನಕ್ಕೆ ಹೆಚ್ಚುಕಡಿಮೆ 1 ಸೆಂ.ಮೀ. ನೀರು ಬಿಸಿಲಿಗೇ ಹೋಗುತ್ತದೆ. ನಿಮ್ಮದು ಅದಕ್ಕಿಂತ ಜಾಸ್ತಿ, ಅದೂ ರಾತ್ರಿ. ಇವತ್ತು ಪಂಪು ಬಂದ್ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ನೀರು ಇಳಿಯದಿದ್ದರೆ ಸೋರುವುದು ಪೈಪು ಇಲ್ಲವೇ ತೊಟ್ಟಿಯ ಹತ್ತಿರ. ಇಳಿದರೆ, ಎಲ್ಲಿ ನಿಲ್ಲುತ್ತದೆ ನೋಡಿ. ನಿಂತ ಮಟ್ಟದಲ್ಲೇ ಸೋರುವ ಜಾಗ ಇರುತ್ತದೆ.

ಪ್ರಶ್ನೆ ಕೇಳಿದವರು
ಅಣ್ಣಾ, ಪಂಪು ಬಂದ್ ಇದ್ದರೂ ಇಳಿಯಿತು. ಮೂರು ಬೆರಳು ಇಳಿದು ಅಲ್ಲೇ ನಿಂತಿದೆ. ಒಂದು ಕಡೆ ಅಂಚಿನ ಕಲ್ಲು ಕುಸಿದಿದೆ. ಅದರ ಪಕ್ಕ ಕೈಬೆರಳು ಹೋಗುವಷ್ಟು ಬಿರುಕು, ಒಳಗಿನ ಮಣ್ಣು ಒದ್ದೆ.

ಉತ್ತರ (ಬಾಗಲಕೋಟೆ)
ಸಿಕ್ಕಿತು ನೋಡಿ. ಹಾಳೆ ಚೆನ್ನಾಗಿಯೇ ಇದೆ, ಅಂಚು ಕೂತಿದೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಅಂಚು ಕಟ್ಟಿದರೆ ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ ಹಾಕಿ. ಉದ್ದ 10, ಎರಡೂ ಗೋಡೆಗೆ 2+2. ಅಲ್ಲಿಗೇ 14 ಮುಗಿಯಿತು. ಅಗಲಕ್ಕೂ ಹಾಗೇ, 8+4=12. ಅಂಚಿನ ಮೇಲೆ ಮಡಚಿ ಹೂಳಲು ಹಾಳೆಯೇ ಉಳಿಯಲಿಲ್ಲ, ಅಲ್ವಾ? ಡಬ್ಬಿ ಮೇಲಿನ ಅಳತೆ 1 ಅಡಿ ಆಳಕ್ಕೆ ಸರಿಹೋಗುತ್ತದೆ.

ಆಳ ಮಾತ್ರ ಕಡಿಮೆ ಮಾಡಬೇಡಿ, ಮೇ ತಿಂಗಳಲ್ಲಿ ಮೀನು ಬೇಯುತ್ತವೆ. ಕುಣಿಯನ್ನೇ 8×6 ಮಾಡಿ. ನೀರು ತೆಗೆದು, ಹಾಳೆ ಎತ್ತಿ, ಸುತ್ತಲೂ ಒಂದಡಿ ಗರಸು (ಸಣ್ಣ ಹರಳು ಬೆರೆತ ಗಟ್ಟಿ ಮಣ್ಣು) ಹಾಕಿ. ನಾಲ್ಕು ಬೆರಳಿಗೊಂದು ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಬಡಿಯಿರಿ. ಆಗ ಅಂಚು ಗಟ್ಟಿಯಾಗುತ್ತದೆ, ಸುತ್ತ ಒಂದೊಂದು ಅಡಿ ಹಾಳೆಯೂ ಉಳಿಯುತ್ತದೆ. ಗೌಂಡಿಯ ಲೆವೆಲ್ ಪೈಪಿನಿಂದ ನಾಲ್ಕೂ ಮೂಲೆ ನೋಡಿಕೊಳ್ಳಿ. ಹಾಳೆ ಕೆಳಗೆ ಹಳೆಯ ಕಂಬಳಿ ಹಾಸಿದರೆ ಕಲ್ಲು ಚುಚ್ಚುವುದಿಲ್ಲ.

ಉತ್ತರ (ಬೆಳಗಾವಿ)
ಹೊಂಡ ಸಣ್ಣದಾದರೆ ಪಂಪಿಗೂ ಹಗುರ. 8×6×2 ಅಂದರೆ ಸುಮಾರು 2,700 ಲೀಟರ್. ಎರಡು ಗಂಟೆಗೊಮ್ಮೆ ಅಷ್ಟೂ ನೀರು ತಿರುಗಿದರೆ ಸಾಕು. ಪಂಪಿನ ಮೇಲೆ ಬರೆದ ಲೀಟರ್ ನೀರನ್ನು ಮೇಲೆತ್ತದೆ ಇದ್ದಾಗಿನದು, ತೊಟ್ಟಿ ಎತ್ತರವಾದಷ್ಟೂ ಅದು ಇಳಿಯುತ್ತದೆ. ಬೋರ್ ನೀರಾದರೆ ಪಂಪಿನ ಒಳಗೆ ಬಿಳಿ ಉಪ್ಪು ಕಟ್ಟುತ್ತದೆ, ಆಗಾಗ ಬಿಚ್ಚಿ ಲಿಂಬೆ ರಸದಲ್ಲಿ ನೆನೆಸಿ ತಿಕ್ಕಿ. ಕರೆಂಟ್ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ತಾನೇ ಬಂದ್ ಮಾಡುವ ಸ್ವಿಚ್) ಹಾಕಿಸಲೇಬೇಕು. ಮಕ್ಕಳು ಕೈ ಹಾಕುವ ನೀರು ಅದು.

ಪ್ರಶ್ನೆ ಕೇಳಿದವರು
ಗರಸು ತರಿಸಲು ಹೇಳಿದೆ. ಉಳಿದ ಹಾಳೆಯನ್ನು ತಕ್ಷಣ ಕತ್ತರಿಸಬಹುದಾ?

ಉತ್ತರ (ಬಾಗಲಕೋಟೆ)
ಬೇಡ ಅಕ್ಕಾ. ನೀರು ತುಂಬಿ ಒಂದು ವಾರ ಬಿಡಿ, ಭಾರಕ್ಕೆ ಹಾಳೆ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೂ ಕತ್ತರಿಸುವುದಕ್ಕಿಂತ ಗರಸಿನಲ್ಲಿ ಮಡಚಿ ಹೂಳುವುದೇ ಒಳ್ಳೆಯದು.