ಆಡಿಯೋ ಹಂಚುವವನಿಗೆ ಹೆಸರೋ, ಸುದ್ದಿ ಹೊಡೆಯುವವನಿಗೋ?

ಸ್ಕೋರ್‌ಶೀಟ್: ಕ್ರೀಡಾ ವರದಿಗಾರರ ಹೆಸರು ಉಳಿಯೋದು ಬೈಲೈನ್ (ಸುದ್ದಿಯ ಜೊತೆ ಅಚ್ಚಾಗೋ ವರದಿಗಾರರ ಹೆಸರು) ಎಣಿಸಿ ಅಲ್ಲ, ಮೈದಾನದಲ್ಲಿ ವರದಿಗಾರರು ಕೂರೋ ಪ್ರೆಸ್ ಬಾಕ್ಸ್‌ನಲ್ಲಿ ಪಕ್ಕದವರಿಗೆ ಏನು ಕೊಟ್ಟರು ಅನ್ನೋದರ ಮೇಲೆ. ರಾತ್ರಿ ಫುಟ್‌ಬಾಲ್ ಪಂದ್ಯದ ವರದಿ ಕಚೇರಿಗೆ ಹೋಗೋ ರೀತಿ ನೋಡಿ. ವಿರಾಮಕ್ಕೆ ಒಂದು ಕಂತು, ಎಪ್ಪತ್ತನೇ ನಿಮಿಷಕ್ಕೆ ಇನ್ನೊಂದು, ಕೊನೆಯ ಸೀಟಿ ಊದಿದ ಕೂಡಲೇ ಮೊದಲ ಪ್ಯಾರಾ. ತಲೆ ಬಗ್ಗಿಸಿ ಟೈಪ್ ಮಾಡ್ತಿರುವಾಗಲೇ ಗೋಲು ಬೀಳುತ್ತೆ. ಪಾಸ್ ಯಾರದು? ಚೆಂಡು ಡಿಫೆಂಡರ್‌ಗೆ ತಾಗಿತಾ? ಕ್ರಿಕೆಟ್‌ನಲ್ಲಾದರೆ ಕ್ಯಾಚ್ ಹಿಡಿದ ಬದಲಿ ಫೀಲ್ಡರ್ ಯಾರು? ಕತ್ತೆತ್ತದೆ ಕೇಳಿದರೂ ಸರಿಯಾದ ಉತ್ತರ ಕೊಡುವವರು ಪ್ರತಿ ಬಾಕ್ಸ್‌ನಲ್ಲೂ ಒಬ್ಬಿಬ್ಬರು ಇರ್ತಾರೆ. ನಿಜವಾದ ಹೆಸರು ಅವರದು.

ಕೆಂಪುಪೆನ್ನು: "ಪಕ್ಕದವರಿಗೆ ಕೊಡೋದು" ಔದಾರ್ಯ ಅಲ್ಲ ಸ್ವಾಮಿ, ವಿಮೆ. ಇವತ್ತು ನಾನು ನಿನಗೆ, ನಾಳೆ ನೀನು ನನಗೆ. ಪತ್ರಿಕಾಗೋಷ್ಠಿ ಮುಗಿದ ಮೇಲೆ ನಾಲ್ಕೈದು ಜನ ಮೂಲೆಯಲ್ಲಿ ನಿಂತು "ಇವತ್ತಿನ ಲೈನ್ ಏನು", ಅಂದರೆ ಸುದ್ದಿಯ ಮುಖ್ಯ ಅಂಶ ಯಾವುದು, ಅಂತ ತೀರ್ಮಾನ ಮಾಡ್ತಾರಲ್ಲ, ಅದು ಯಾತಕ್ಕೆ? ಬೆಳಿಗ್ಗೆ ಡೆಸ್ಕ್‌ನಿಂದ (ಕಚೇರಿಯಲ್ಲಿ ವರದಿ ತಿದ್ದಿ ಪುಟ ಕಟ್ಟುವವರಿಂದ) "ಅವರಲ್ಲಿದೆ, ನಮ್ಮಲ್ಲಿ ಯಾಕಿಲ್ಲ" ಅನ್ನೋ ಫೋನ್ ಬರಬಾರದು, ಅಷ್ಟೇ. ಗುಂಪಿನಿಂದ ಹೊರಗೆ ಹೆಜ್ಜೆ ಇಟ್ಟರೆ ಈ ಔದಾರ್ಯ ಎಲ್ಲಿ ಹೋಗುತ್ತೆ ಅಂತ ಸಂಡೇ ಟೈಮ್ಸ್ ಪತ್ರಿಕೆಯ ಕ್ರೀಡಾ ವರದಿಗಾರ ಡೇವಿಡ್ ವಾಲ್ಷ್ ಅವರನ್ನು ಕೇಳಿ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಮೇಲೆ ಉದ್ದೀಪನ ಮದ್ದಿನ ಅನುಮಾನ ಎತ್ತಿ 2004ರಲ್ಲಿ ಪುಸ್ತಕ ತಂದರು. ಆ ವರ್ಷದ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನಲ್ಲಿ ಜೊತೆಗೆ ಹೋಗಬೇಕಿದ್ದ ಸಹೋದ್ಯೋಗಿಗಳೇ ಕಾರಿಗೆ ಹತ್ತಿಸಿಕೊಳ್ಳಲಿಲ್ಲ. ವಾಲ್ಷ್ ಅವರೇ ಹೇಳಿಕೊಂಡಿದ್ದಾರೆ.

ಮಿಕ್ಸೆಡ್‌ಝೋನ್: ಅದೇ ಪುಸ್ತಕವನ್ನು ವಾಲ್ಷ್ ಒಬ್ಬರೇ ಬರೆದದ್ದಲ್ಲ. ಪಿಯರ್ ಬ್ಯಾಲೆಸ್ಟರ್ ಅನ್ನೋ ಫ್ರೆಂಚ್ ಪತ್ರಕರ್ತರ ಜೊತೆ ಸೇರಿ ಬರೆದದ್ದು. ಇಬ್ಬರು ಮೂಲಗಳನ್ನೂ ಟಿಪ್ಪಣಿಗಳನ್ನೂ ಹಂಚಿಕೊಳ್ಳದೆ ಅಂಥ ಕೆಲಸ ಆಗುತ್ತಾ? ನಿಮ್ಮ ಉದಾಹರಣೆ ನಮ್ಮ ಕಡೆಗೇ ವಾಲುತ್ತೆ ಕೆಂಪುಪೆನ್ನು ಅವರೇ.

ಕೆಂಪುಪೆನ್ನು: ಇಬ್ಬರು ಹಂಚಿಕೊಂಡರು, ಇಡೀ ಪ್ರೆಸ್ ರೂಮ್ ಮುಖ ತಿರುಗಿಸಿತು. ಲೆಕ್ಕ ಯಾರ ಕಡೆಗಿದೆ?

ಸಿಲ್ಲಿಪಾಯಿಂಟ್: ಕಾರಿನ ವಿಷಯ ಅಷ್ಟು ಸುಲಭ ಅಲ್ಲ. ಟೂರ್ ಅಂದರೆ ಮೂರು ವಾರ, 21 ಹಂತ, ದಿನವೂ ಊರು ಬದಲು. ಒಂದೇ ಕಾರಲ್ಲಿ ಹೋಗೋರಿಗೆ ಒಂದೇ ಹೋಟೆಲ್, ಒಂದೇ ಹೊತ್ತಿಗೆ ಹೊರಡೋದು. ವಾಲ್ಷ್ ಆ ಕಾರಲ್ಲಿದ್ದರೆ ಆರ್ಮ್‌ಸ್ಟ್ರಾಂಗ್ ತಂಡ ಉಳಿದವರಿಗೂ ಬಾಯಿ ಬಿಡಲ್ಲ ಅನ್ನೋ ಭಯ ಅವರದು. ಹೇಡಿತನ ಅನ್ನಿ, ಒಪ್ಪೋಣ. ಆದರೆ ಬಾಗಿಲು ಹಾಕುವ ಕೈ ತಂಡದ್ದು.

ಡೆಸ್ಕ್‌ರಾತ್ರಿಪಾಳಿ: "ಬಾಗಿಲು ಹಾಕುವ ಕೈ ತಂಡದ್ದು" ಅಂತೀರಿ. ಬಾಗಿಲು ಕಾಯೋದು ವರದಿಗಾರರೇ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ರಾತ್ರಿ 10.30ರ ಎಂಬಾರ್ಗೊ ಇದೆಯಲ್ಲ: ಕೋಚ್ ಮಧ್ಯಾಹ್ನ ಹೇಳಿದ್ದರ ಒಂದು ಭಾಗವನ್ನು ಪತ್ರಿಕೆಗಳಿಗೆಂದು ಎತ್ತಿಟ್ಟು, ಆ ಹೊತ್ತಿನವರೆಗೆ ಯಾರೂ ಹಾಕಲ್ಲ. ಹತ್ತು ನಿಮಿಷ ಮುಂಚೆ ಹಾಕಿದವನಿಗೆ ಮುಂದಿನ ವಾರ ಆ ಗುಂಪಲ್ಲಿ ಜಾಗ ಇರಲ್ಲ. ಅವನ ಬರಹ ಎಷ್ಟೇ ಚೆನ್ನಾಗಿರಲಿ, ಹೆಸರು ಹೋಯ್ತು. ಹಾಗಾಗಿ ಬರೀ ಔದಾರ್ಯ ಅನ್ನಬೇಡಿ, ಶಿಸ್ತು ಅನ್ನಿ. ಪತ್ರಿಕಾಗೋಷ್ಠಿಯ ಆಡಿಯೋ ವರದಿಗಾರರ ಗುಂಪಿಗೆ ಹಾಕಿದರೆ ಸಾಕು, ಯಾರು ಎಷ್ಟು ಬಳಸ್ತಾರೋ ಅವರ ಪಾಡು.

ಎಕ್ಸ್‌ಟ್ರಾಕವರ್: "ಆಡಿಯೋ ಹಾಕಿದರೆ ಸಾಕು"?? ಎಲ್ಲ ಎಡವಟ್ಟು ಶುರುವಾಗೋದೇ ಅಲ್ಲಿಂದ. ಹತ್ತು ನಿಮಿಷದ ಆಡಿಯೋ ಬರೆದು ತೆಗೆಯಲು ಪಳಗಿದ ಕೈಗೂ ಅರ್ಧ ಗಂಟೆ ಬೇಕು. ಅದಕ್ಕೇ ನಾಲ್ಕು ಜನ ಎರಡೂವರೆ ನಿಮಿಷದಂತೆ ಪಾಲು ಹಾಕಿಕೊಳ್ತಾರೆ. ಗಡಿಯಲ್ಲಿ ಹತ್ತು ಹದಿನೈದು ಸೆಕೆಂಡ್ ಇಬ್ಬರೂ ಬರೆಯಬೇಕು, ಇಲ್ಲಾಂದ್ರೆ ಅರ್ಧ ವಾಕ್ಯ ಒಬ್ಬನ ಹತ್ತಿರ, ಇನ್ನರ್ಧ ಇನ್ನೊಬ್ಬನ ಹತ್ತಿರ. ಇಂಗ್ಲಿಷ್‌ನಲ್ಲಿ "ಕ್ಯಾನ್" ಮತ್ತು "ಕ್ಯಾಂಟ್" ಆಟಗಾರ ಬೇಗ ಹೇಳಿದರೆ ಒಂದೇ ಥರ ಕೇಳಿಸುತ್ತೆ, ಕೊನೆಯ ಟಕಾರ ನುಂಗಿ ಹೋಗುತ್ತೆ. ಒಬ್ಬ ತಪ್ಪಾಗಿ ಬರೆದ, ಎಂಟು ಪತ್ರಿಕೆಯಲ್ಲಿ ನಾಯಕ "ಆಡಬಲ್ಲೆ" ಅಂದ. ಆತ ಹೇಳಿದ್ದು "ಆಡಲಾರೆ". ಇದಕ್ಕೆ ಹೊಣೆ ಯಾರು?

ಸ್ಕೋರ್‌ಶೀಟ್: ಬರೆದವನೇ. ಇನ್ನ್ಯಾರು?

ಎಕ್ಸ್‌ಟ್ರಾಕವರ್: ತಪ್ಪು. ಬಳಸಿದವನು. ಬಿಟ್ಟಿ ಸಿಕ್ಕಿದ್ದನ್ನು ಕಿವಿಗೊಟ್ಟು ಕೇಳದೆ ಹಾಕಿದ್ದು ಅವನು.

ಕೆಂಪುಪೆನ್ನು: "ಬಿಟ್ಟಿ ಸಿಕ್ಕಿದ್ದು"! ಬಾಯಿ ತಪ್ಪಿ ಸತ್ಯ ಬಂತು ನೋಡಿ.

ಮಿಕ್ಸೆಡ್‌ಝೋನ್: ಇಬ್ಬರದೂ ಅರ್ಧ ಸರಿ. ಹಂಚುವವನು ಪ್ರತಿ ಉಲ್ಲೇಖದ ಮುಂದೆ ನಿಮಿಷ-ಸೆಕೆಂಡ್ ಹಾಕಬೇಕು: 04:12, 06:50. ಅನುಮಾನ ಇರೋ ಕಡೆ ಚೌಕ ಕಂಸದಲ್ಲಿ "ಕೇಳಿಸಿಲ್ಲ" ಅಂತ ಬರೀಬೇಕು, ಊಹೆ ಬರೀಬಾರದು. ಬಳಸುವವನು ತಲೆಬರಹಕ್ಕೆ ಎತ್ತಿಕೊಂಡ ಒಂದು ವಾಕ್ಯವನ್ನಾದರೂ ಆ ಸಮಯಕ್ಕೆ ಹೋಗಿ ಕೇಳಬೇಕು. ಇಪ್ಪತ್ತು ಸೆಕೆಂಡಿನ ಕೆಲಸ.

ಎಕ್ಸ್‌ಟ್ರಾಕವರ್: ಆ ಇಪ್ಪತ್ತು ಸೆಕೆಂಡ್ ಯಾರೂ ಕೊಡಲ್ಲ ಅನ್ನೋದೇ ನನ್ನ ವಾದ.

ಡೆಸ್ಕ್‌ರಾತ್ರಿಪಾಳಿ: ಕೊಡ್ತಾರೆ. ಡೆಸ್ಕ್ ಕೇಳಿದರೆ ಕೊಡ್ತಾರೆ.

ಎಕ್ಸ್‌ಟ್ರಾಕವರ್: ಪುಟ ಪ್ರೆಸ್ಸಿಗೆ ಹೋಗೋ ಹೊತ್ತಲ್ಲಿ ಯಾವ ಡೆಸ್ಕ್ ಆಡಿಯೋ ಕೇಳುತ್ತೆ ಮಾರಾಯ್ರೇ? ಸುಮ್ನೆ ಹೇಳಬೇಡಿ.

ಡೆಸ್ಕ್‌ರಾತ್ರಿಪಾಳಿ: ನಿಮಗೆ ಗೊತ್ತಿರೋ ಡೆಸ್ಕ್ ಕೇಳಲ್ಲ ಅಂದರೆ ಎಲ್ಲ ಡೆಸ್ಕೂ ಹಾಗೇ ಅಂತಲ್ಲ. "ಸುಮ್ನೆ" ಅನ್ನೋ ಮಾತು ವಾಪಸ್ ತಗೊಳ್ಳಿ.

ಎಕ್ಸ್‌ಟ್ರಾಕವರ್: ತಗೊಳ್ಳಲ್ಲ.

ಸಿಲ್ಲಿಪಾಯಿಂಟ್: ಕ್ಯಾನ್-ಕ್ಯಾಂಟ್ ಬಿಡಿ, ಅದಕ್ಕಿಂತ ದೊಡ್ಡ ಮೋಸ ಅನುವಾದದಲ್ಲಿದೆ. ಆಟಗಾರ ತನ್ನ ಭಾಷೆಯಲ್ಲಿ ಮಾತಾಡ್ತಾನೆ, ದುಭಾಷಿ ಸಾರಾಂಶ ಹೇಳ್ತಾರೆ, ಗುಂಪಿನಲ್ಲಿ ಅದು ಇಂಗ್ಲಿಷ್ ಆಗಿ ಬರುತ್ತೆ, ನಾವು ಕನ್ನಡಕ್ಕೆ ತಂದು ಉದ್ಧರಣ ಚಿಹ್ನೆ ಹಾಕ್ತೀವಿ. ನಾಲ್ಕನೇ ಕೈ ದಾಟಿದ ಮೇಲೂ "ಎಂದು ಹೇಳಿದರು" ಅಂತ ನೇರ ಮಾತು! ದುಭಾಷಿಯ ಮಾತಿಗೆ ಉದ್ಧರಣ ಚಿಹ್ನೆ ಬೇಡವೇ ಬೇಡ.

ಎಕ್ಸ್‌ಟ್ರಾಕವರ್: "ಬೇಡವೇ ಬೇಡ" ಅಂದರೆ ಅರ್ಧ ಕ್ರೀಡಾಪುಟ ಖಾಲಿ.

ಸಿಲ್ಲಿಪಾಯಿಂಟ್: ಖಾಲಿ ಆಗಲ್ಲ. "ಸೋಲಿಗೆ ಬ್ಯಾಟಿಂಗ್ ಕಾರಣ ಎಂದು ದುಭಾಷಿಯ ಮೂಲಕ ತಿಳಿಸಿದರು" ಅಂತ ಬರೆಯಿರಿ, ಆರು ಪದ.

ಎಕ್ಸ್‌ಟ್ರಾಕವರ್: ಏಳು. ಎಣಿಸೋದೂ ಬೇರೆಯವರಿಂದ ಕಡ ತಂದದ್ದಾ?

ಸ್ಕೋರ್‌ಶೀಟ್: ಇಬ್ಬರೂ ಸ್ವಲ್ಪ ತಣ್ಣಗಾಗಿ. ಮೂಲ ಪ್ರಶ್ನೆ ಇದ್ದದ್ದು ಹೆಸರಿನ ಬಗ್ಗೆ. ಒಲಿಂಪಿಕ್ಸ್‌ನಲ್ಲಿ ಆಟ ಮುಗಿಸಿದವರು ಮಾಧ್ಯಮದವರ ಮುಂದೆ ಹಾದುಹೋಗೋ ಮಿಕ್ಸೆಡ್ ಝೋನ್‌ನಲ್ಲಿ ಮೊದಲು ಪ್ರಸಾರದ ಹಕ್ಕು ಪಡೆದ ಟಿವಿಗಳು, ಆಮೇಲೆ ಸುದ್ದಿ ಏಜೆನ್ಸಿ ಮತ್ತು ಪತ್ರಿಕೆ. ಸಾಲಿನ ಕೊನೆಗೆ ಬರೋ ಹೊತ್ತಿಗೆ ಓಟಗಾರ್ತಿಗೆ ಉಸಿರೂ ಇರಲ್ಲ, ಮಾತೂ ಇರಲ್ಲ. ಮುಂದೆ ನಿಂತವರು ಹಿಂದಿನವರಿಗೆ ಎರಡು ವಾಕ್ಯ ಕೊಟ್ಟರೆ ಏನು ಕಳೆದುಕೊಳ್ತಾರೆ?

ಕೆಂಪುಪೆನ್ನು: "ಏನು ಕಳೆದುಕೊಳ್ತಾರೆ" ಅಂದ್ರಾ? ಒಲಿಂಪಿಕ್ಸ್‌ನಲ್ಲಿ ಆಯೋಜಕರ ಸುದ್ದಿ ಸೇವೆಯೇ ಆಟಗಾರರ ಮಾತು ಬರೆದುಕೊಂಡು ಎಲ್ಲ ಮಾಧ್ಯಮಗಳಿಗೂ ಕೊಡುತ್ತೆ. ಅಲ್ಲಿ ಯಾರ ಔದಾರ್ಯವೂ ಬೇಕಿಲ್ಲ. ಅಷ್ಟಕ್ಕೂ ಒಳ್ಳೆ ಪ್ರಶ್ನೆ ಇದ್ದವನು ಅದನ್ನು ಪತ್ರಿಕಾಗೋಷ್ಠಿಯಲ್ಲಿ ಕೇಳೋದೇ ಇಲ್ಲ. ಕೇಳಿದರೆ ಉತ್ತರ ಎಲ್ಲರ ಪಾಲು. ಹೊರಗೆ ನಡೆದುಕೊಂಡು ಹೋಗುವಾಗ ಪಕ್ಕದಲ್ಲಿ ಹೆಜ್ಜೆ ಹಾಕಿ ಕೇಳ್ತಾನೆ. ಆ ಉತ್ತರ ಅವನೊಬ್ಬನದು, ಹಂಚಬೇಕಿಲ್ಲ.

ಮಿಕ್ಸೆಡ್‌ಝೋನ್: ಅದು ಸರಿ, ಯಾರೂ ಬೇಡ ಅನ್ನಲ್ಲ. ಎಲ್ಲರೂ ಕೇಳಿಸಿಕೊಂಡದ್ದು ಎಲ್ಲರದು, ಒಬ್ಬರೇ ಕೇಳಿದ್ದು ಒಬ್ಬರದು. ತೊಂದರೆ ಏನಂದ್ರೆ, ಗುಂಪಿನಿಂದ ತಗೊಂಡ ಮಾತಿಗೆ "ನಮ್ಮ ಪತ್ರಿಕೆಯೊಂದಿಗೆ ಮಾತನಾಡಿದ ಅವರು" ಅಂತ ಬರೆಯೋರು. "ಸುದ್ದಿಗಾರರಿಗೆ ತಿಳಿಸಿದರು" ಅಂದರೆ ಏನು ಗಂಟು ಹೋಗುತ್ತೆ? ಇನ್ನೊಬ್ಬರ ಸಂದರ್ಶನದಿಂದ ತಗೊಂಡರೆ ಪತ್ರಿಕೆಯ ಹೆಸರು ಎರಡನೇ ಪ್ಯಾರಾದೊಳಗೇ ಬರಬೇಕು. ಹನ್ನೆರಡನೇ ಪ್ಯಾರಾದಲ್ಲಿ ಹಾಕಿದರೆ ಪುಟದಲ್ಲಿ ಜಾಗ ಸಾಲದೆ ಮೊದಲು ಕತ್ತರಿ ಬೀಳೋದೇ ಅದಕ್ಕೆ.

ಡೆಸ್ಕ್‌ರಾತ್ರಿಪಾಳಿ: ಕತ್ತರಿ ಹಾಕೋ ಡೆಸ್ಕ್‌ಗೆ ಮತ್ತೆ ಬಂದ್ರಾ. ಎಲ್ಲ ಪಾಪವೂ ನಮ್ಮ ತಲೆಗೇ.

ಎಕ್ಸ್‌ಟ್ರಾಕವರ್: ಕೆಳಗಿನಿಂದ ಕತ್ತರಿಸೋದು ಡೆಸ್ಕೇ ತಾನೇ? ಆಡಿಯೋ ಕೇಳಲು ಟೈಮ್ ಇದೆ ಅಂದ್ರಿ, ಪ್ಯಾರಾ ಓದಲು ಇಲ್ಲವಾ?

ಡೆಸ್ಕ್‌ರಾತ್ರಿಪಾಳಿ: ನಿಮ್ಮ ಹತ್ತಿರ ಇನ್ನು ಮಾತಿಲ್ಲ.

ಕೆಂಪುಪೆನ್ನು: ಮತ್ತೆ ವಾಲ್ಷ್ ವಿಷಯಕ್ಕೆ ಬರ್ತೀನಿ. 2006ರಲ್ಲಿ ಅವರ ಪತ್ರಿಕೆ ಆರ್ಮ್‌ಸ್ಟ್ರಾಂಗ್‌ಗೆ ಹಣ ಕೊಟ್ಟು ಮಾನನಷ್ಟ ಮೊಕದ್ದಮೆ ಇತ್ಯರ್ಥ ಮಾಡಿಕೊಳ್ಳಬೇಕಾಯ್ತು. 2012ರಲ್ಲಿ ಆರ್ಮ್‌ಸ್ಟ್ರಾಂಗ್‌ರ ಏಳೂ ಟೂರ್ ಪ್ರಶಸ್ತಿ ಕಿತ್ತುಕೊಂಡ ಮೇಲೆ ಎಲ್ಲರೂ ವಾಲ್ಷ್ ಅವರನ್ನು ಹೊಗಳಿದರು. ಎಂಟು ವರ್ಷ ತಡವಾಗಿ ಬಂದದ್ದು ಔದಾರ್ಯವಾ?

ಸಿಲ್ಲಿಪಾಯಿಂಟ್: "ಎಲ್ಲರೂ ಹೊಗಳಿದರು" ಅನ್ನೋದು ಸರಿಯಲ್ಲ. ಮತ್ತೆ, ಹೌದು, ಏಳೇ ಪದ. ದುಭಾಷಿಯ ವಿಷಯಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.