ಕಾಸರಗೋಡಿನ ಡಿಗ್ರಿಗೆ ಮಂಗಳೂರಿನ ಒಂದು ಪೇಪರು ಸೇರ್ತದಾ?

ತೋಟದವ, ಬದಿಯಡ್ಕ:

ನಮಸ್ಕಾರ. ನಾನು ಕಲಿತದ್ದು ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ ಪಾಸು. ಪ್ರಶ್ನೆ ಪೆದ್ದಾಗಿ ಕಂಡರೆ ಬೈಯಬೇಡಿ.

ಮಗಳು ಕಾಸರಗೋಡಿನ ಕಡೆಯ ಒಂದು ಕಾಲೇಜಿನಲ್ಲಿ ಬಿಎ ಇತಿಹಾಸ, ಎರಡನೇ ವರ್ಷ. ಕಣ್ಣೂರು ವಿಶ್ವವಿದ್ಯಾನಿಲಯದ್ದು, 2024ರಲ್ಲಿ ಶುರುವಾಯ್ತಲ್ಲ, ಆ ನಾಲ್ಕು ವರ್ಷದ ಡಿಗ್ರಿ. ಅವಳಿಗೆ ಶಾಸನ ಓದುವ ಮರ್ಲು ಹಿಡಿದಿದೆ. ಹಿಡಿಸಿದ್ದು ನಮ್ಮ ಕೆರೆಕಟ್ಟೆಯ ಒಗೆಯುವ ಕಲ್ಲು. ಎರಡು ವರ್ಷ ಹಿಂದೆ ಮಳೆಗೆ ಕಟ್ಟೆ ಜರಿದು ಕಲ್ಲು ಮಗುಚಿ ಬಿತ್ತು, ನೋಡಿದರೆ ಅಡಿಯಲ್ಲಿ ನಾಲ್ಕು ಸಾಲು ಅಕ್ಷರ. ನನ್ನ ಅಜ್ಜಿ, ಅಮ್ಮ, ಈಗ ಹೆಂಡತಿ, ಮೂರು ತಲೆಮಾರು ಅದರ ಬೆನ್ನಿಗೆ ಬಟ್ಟೆ ಕುಕ್ಕಿದ್ದಾರೆ. ಅದು ಕನ್ನಡವೋ, ತಿಗಳಾರಿ, ವಟ್ಟೆಳುತ್ತು ಅಂತ ಹಳೆಯ ಲಿಪಿಗಳುಂಟಲ್ಲ, ಅವೋ ಹೇಳುವವರು ಇಲ್ಲಿ ನಮಗೆ ಸಿಗಲಿಲ್ಲ. ಮಗಳು ಫೋಟೋ ಹಿಡಿದುಕೊಂಡು ಮಂಗಳೂರಿನ ಒಂದು ಕಾಲೇಜಿನ ಮೇಡಂ ಹತ್ತಿರ ಹೋದಳು. ಅವರು ಫೋಟೋ ನೋಡಿ, "ಇದು ಫೋಟೋದಲ್ಲಿ ಆಗುವ ಕೆಲಸ ಅಲ್ಲ ಮಗಾ, ಪಡಿಯಚ್ಚು ತೆಗೆಯಲಿಕ್ಕೆ, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಒತ್ತಿ ಇಳಿಸಲಿಕ್ಕೆ, ಕಲಿ. ಶನಿವಾರ ನನ್ನ ಶಾಸನಶಾಸ್ತ್ರದ ಕ್ಲಾಸು ಉಂಟು, ಬಂದು ಕೂತುಕೋ" ಅಂದರಂತೆ.

ಕುಂಬಳೆಯವರೆಗೆ ಬಸ್ಸು, ಅಲ್ಲಿಂದ ರೈಲು. ಹೋಗಿ ಬರುವುದೇನೂ ಕಷ್ಟ ಇಲ್ಲ. ಆದರೆ ಮನೆಯವಳು ಕೇಳುತ್ತಾಳೆ, ಅಷ್ಟು ದೂರ ಹೋಗಿ ಕಲಿತದ್ದು ಮಾರ್ಕ್ಸ್ ಕಾರ್ಡಿನಲ್ಲಿ ಬರ್ತದಾ ಅಂತ. ಕಾಲೇಜು ಆಫೀಸಿನಲ್ಲಿ ಕೇಳಿದೆ. "ಹಾಗೊಂದು ಫಾರ್ಮೇ ಇಲ್ಲ" ಎಂಬ ಉತ್ತರ ಬಂತು. ಫಾರ್ಮು ಇಲ್ಲದ್ದಕ್ಕೆ ಆಗುವುದಿಲ್ಲವೋ, ಆಗದ್ದಕ್ಕೆ ಫಾರ್ಮು ಇಲ್ಲವೋ ಗೊತ್ತಾಗಲಿಲ್ಲ.

ಉಪ್ಪಳದ ಹುಡುಗ:

ಆಗ್ತದೆ ಅಣ್ಣ. ಎಬಿಸಿ ಐಡಿ ಉಂಟಲ್ಲ, ಈಗ ಯಾವ ಯೂನಿವರ್ಸಿಟಿಯಲ್ಲಿ ಕಲಿತರೂ ಕ್ರೆಡಿಟ್, ಅಂದರೆ ಪೇಪರಿನ ತೂಕದ ಲೆಕ್ಕ, ಅದರಲ್ಲಿ ಬೀಳ್ತದೆ. ಟೆನ್ಶನ್ ಬೇಡ.

ಪಾಠ ಮಾಡುವವಳು, ಮಂಜೇಶ್ವರ ಕಡೆ:

ಉಪ್ಪಳದ ತಮ್ಮ ಹೇಳಿದಷ್ಟು ಸಲೀಸಲ್ಲ. ಎಬಿಸಿ ಅಂದರೆ ಕ್ರೆಡಿಟ್‌ಗಳ ಬ್ಯಾಂಕು, ವಿಶ್ವವಿದ್ಯಾನಿಲಯಗಳ ಮೇಲಿನ ಕೇಂದ್ರದ ಆಯೋಗ ಯುಜಿಸಿ 2021ರಲ್ಲಿ ನಿಯಮ ಮಾಡಿತು. ಐಡಿ ಮಾಡಿಸಿದರೆ ಪಾಸ್‌ಬುಕ್ಕು ಸಿಕ್ಕಿತು ಅಷ್ಟೇ, ದುಡ್ಡು ಯಾರಾದರೂ ಹಾಕಬೇಕಲ್ಲ? ಹಾಕಬೇಕಾದದ್ದು ಮಂಗಳೂರಿನ ಕಾಲೇಜು. ಅದಕ್ಕೆ ನಿಮ್ಮ ಮಗಳು ಅಲ್ಲಿ ಆ ಪೇಪರಿಗೆ ಹೆಸರು ನೋಂದಾಯಿಸಿರಬೇಕು, ಪರೀಕ್ಷೆ ಬರೆದಿರಬೇಕು. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತು ಬಂದರೆ ವಿದ್ಯೆ ಬರ್ತದೆ, ಕ್ರೆಡಿಟ್ ಬರುವುದಿಲ್ಲ. ಅವರು ಹಾಕಿದರೂ ಅದನ್ನು ಡಿಗ್ರಿಗೆ ಲೆಕ್ಕ ಹಿಡಿಯಬೇಕಾದದ್ದು ಕಣ್ಣೂರು. ಹೊರಗಿನಿಂದ ತರಲಿಕ್ಕೆ ಮಿತಿ ಉಂಟು, ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧ ಕ್ರೆಡಿಟ್ ಗಳಿಸಬೇಕು. ನಿಮಗೆ ಅದು ತೊಂದರೆ ಅಲ್ಲ. ನಮ್ಮಲ್ಲಿ ಮೂರು ವರ್ಷಕ್ಕೆ 133 ಕ್ರೆಡಿಟ್, ನಾಲ್ಕು ವರ್ಷಕ್ಕೆ 177. ಅವಳು ಕೇಳುತ್ತಿರುವುದು ಮೂರೋ ನಾಲ್ಕೋ.

ತೊಂದರೆ ಇರುವುದು ತಾಳೆ ಮಾಡುವಲ್ಲಿ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷ ಬಿಟ್ಟು ಮೂರು ವರ್ಷದ ಡಿಗ್ರಿಗೆ ವಾಪಸು ಹೋಯಿತು. ಅದೇ ವರ್ಷ ಕೇರಳ ನಾಲ್ಕಕ್ಕೆ ಬಂತು. ಗಡಿಯ ತಲಪಾಡಿಯಿಂದ ಆಚೆ ಒಂದು ಲೆಕ್ಕ, ಈಚೆ ಒಂದು ಲೆಕ್ಕ. ಪರೀಕ್ಷೆಯ ತಾರೀಕೂ ಒಂದಾಗಿ ಬರುವುದಿಲ್ಲ.

ಹಾಗಂತ ಬಿಡಬೇಡಿ. ಆ ಮೇಡಂ ಹತ್ತಿರ ಪೇಪರಿನ ಸಿಲೆಬಸ್ಸು, ಎಷ್ಟು ಗಂಟೆಯ ಪಾಠ, ಎಷ್ಟು ಕ್ರೆಡಿಟ್ ಎಂಬುದನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ ತನ್ನಿ. ಸಾಮಾನ್ಯವಾಗಿ 15 ಗಂಟೆ ಪಾಠಕ್ಕೆ ಒಂದು ಕ್ರೆಡಿಟ್. ಆಮೇಲೆ ಆಫೀಸಿಗೆ ಹೋಗಬೇಡಿ, ಇತಿಹಾಸ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ಅವರು ಒಪ್ಪಿ ಪ್ರಿನ್ಸಿಪಾಲರ ಮೂಲಕ ವಿಶ್ವವಿದ್ಯಾನಿಲಯಕ್ಕೆ ಬರೆಯಬೇಕು. ಒಪ್ಪಿಗೆ ಕೈಗೆ ಬಂದ ಮೇಲೆ ಫೀಸು ಕಟ್ಟಿ. ಕಲಿತು ಮುಗಿಸಿ ಕೇಳುವ ಅಂತ ಮಾತ್ರ ಹೊರಡಬೇಡಿ.

ಪಿಎಸ್‌ಸಿ ಕಾಯುವವಳು:

ಅಕ್ಕ ಕೊನೆಗೆ ಹೇಳಿದ ಮಾತನ್ನು ನಾನು ಹಣೆಯಲ್ಲಿ ಬರೆಸಿಕೊಳ್ಳಬೇಕಿತ್ತು. ಡಿಗ್ರಿ, ಬಿಎಡ್ ಎರಡೂ ಆಚೆ ಮಾಡಿ ಬಂದೆ. ಕನ್ನಡ ಮಾಧ್ಯಮದ ಟೀಚರ್ ಪೋಸ್ಟಿಗೆ ಅರ್ಜಿ ಹಾಕುವಾಗ "ಈಕ್ವಲೆನ್ಸಿ ಎಲ್ಲಿ" ಅಂದರು, ಅಂದರೆ ಆಚೆಯ ಡಿಗ್ರಿ ಇಲ್ಲಿಯದ್ದಕ್ಕೆ ಸಮ ಎಂಬ ಕಾಗದ. ಆ ಒಂದು ಕಾಗದಕ್ಕೆ ಹನ್ನೊಂದು ತಿಂಗಳು ಹೋಯಿತು, ಅಷ್ಟರಲ್ಲಿ ಒಂದು ಲಿಸ್ಟೂ ಹೋಯಿತು. ಅಣ್ಣಾ, ಮಗಳ ಮೂಲ ಡಿಗ್ರಿಯನ್ನು ಇಲ್ಲಿಂದ ಅಲುಗಾಡಿಸಬೇಡಿ. ಪೇಪರು ಸೇರದಿದ್ದರೆ ಅಲ್ಲಿ ಒಂದು ಸರ್ಟಿಫಿಕೇಟ್ ಕೋರ್ಸು ಅಂತ ಮಾಡಲಿ. 2022ರಿಂದ ಎರಡು ಡಿಗ್ರಿ ಒಟ್ಟಿಗೆ ಓದಲಿಕ್ಕೂ ಯುಜಿಸಿ ಬಿಟ್ಟಿದೆ, ಎರಡು ಕಡೆಯ ಕ್ಲಾಸಿನ ಸಮಯ ಒಂದರ ಮೇಲೊಂದು ಬೀಳಬಾರದು ಅಷ್ಟೇ. ಮತ್ತೆ ಸರ್ಟಿಫಿಕೇಟಿಗೆ ಯಾರು ಬೇಡ ಅನ್ನುತ್ತಾರೆ?

ಊರು ಬಿಟ್ಟವ:

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿ ಅಕ್ಕಪಕ್ಕದ ಐದು ಕಡೆ, ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಶೈರ್ ಕಾಲೇಜುಗಳು ಮತ್ತು ಸರ್ಕಾರಿ ವಿಶ್ವವಿದ್ಯಾನಿಲಯ, ಸೇರಿಕೊಂಡು ಒಂದು ಒಕ್ಕೂಟ ಮಾಡಿಕೊಂಡಿವೆ. 1965ರದ್ದು. ಒಂದರಲ್ಲಿ ಸೇರಿದ ಮಕ್ಕಳು ಇನ್ನೊಂದರ ಕ್ಲಾಸಿಗೆ ಹೆಚ್ಚಿನ ಫೀಸಿಲ್ಲದೆ ಹೋಗಬಹುದು, ಅಂಕವೂ ಮನೆ ಕಾಲೇಜಿಗೆ ಬರುತ್ತದೆ, ನಡುವೆ ಬಸ್ಸು ಓಡುತ್ತದೆ. ಖಗೋಳಶಾಸ್ತ್ರಕ್ಕಂತೂ ಎಲ್ಲರಿಗೂ ಸೇರಿ ಒಂದು ವಿಭಾಗ ಅಂತ ಮಾಡಿಕೊಂಡರು. ಒಂದೊಂದು ಕಾಲೇಜಿಗೆ ಪ್ರತ್ಯೇಕ ದೂರದರ್ಶಕ ಇಟ್ಟು ಪೂರೈಸುತ್ತದಾ? ನಿಮ್ಮ ಶಾಸನದ ಪಾಠವೂ ಅದೇ ಜಾತಿಯದ್ದು. ಪ್ರತಿ ಕಾಲೇಜಿಗೊಬ್ಬ ಶಾಸನ ಮಾಷ್ಟ್ರು ಸಿಗಲಿಕ್ಕಿಲ್ಲ.

ಪಾಠ ಮಾಡುವವಳು, ಮಂಜೇಶ್ವರ ಕಡೆ:

ಆ ಐದೂ ಒಂದೇ ರಾಜ್ಯದಲ್ಲಿ ಉಂಟಲ್ಲ ಮಾರಾಯ್ರೆ!

ನಿವೃತ್ತ ಮಾಷ್ಟ್ರು:

ಒಂದು ಹಳೆಯ ಮಾತು. ನನ್ನ ತಂದೆ ಕಾಸರಗೋಡಿನಿಂದ ಮಂಗಳೂರಿಗೆ ಕಾಲೇಜಿಗೆ ಹೋದವರು. ಆಗ ಇಡೀ ದಕ್ಷಿಣ ಕನ್ನಡ ಮದ್ರಾಸು ವಿಶ್ವವಿದ್ಯಾನಿಲಯದ ಅಡಿಯಲ್ಲಿತ್ತು, ಯಾರೂ ಈಕ್ವಲೆನ್ಸಿ ಕೇಳಲಿಲ್ಲ. 1956ರ ನವೆಂಬರಿನಲ್ಲಿ ಗಡಿ ಬಿತ್ತು, ಮರುವರ್ಷ ಕಾಸರಗೋಡಿಗೆ ಸರ್ಕಾರಿ ಕಾಲೇಜು ಬಂತು. ಬಂದದ್ದು ಒಳ್ಳೆಯದೇ ಆಯ್ತು. ಆದರೆ 1968ರಲ್ಲಿ ತೆಂಕಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ, ಬಡಗಿನಲ್ಲಿ ಕೊಣಾಜೆಯ ಮೈಸೂರು ಸ್ನಾತಕೋತ್ತರ ಕೇಂದ್ರ, ಎರಡೂ ಒಂದೇ ವರ್ಷ ಹುಟ್ಟಿದವು, ಒಂದರ ಮುಖ ಒಂದು ನೋಡಲಿಲ್ಲ.

ತೋಟದವರೇ, ಮಗಳಿಗೆ ತಳಂಗರೆಯ ಶಾಸನ ತೋರಿಸಿದ್ದೀರಾ? ಹಳಗನ್ನಡದ್ದು, ಕಾಸರಗೋಡು ಪೇಟೆಯ ಮಗ್ಗುಲಲ್ಲೇ ಸಿಕ್ಕಿದ್ದು. ಅರ್ಜಿ ಬರೆಯುವಾಗ ಅದರ ಹೆಸರು ಹಾಕಿ. ಇಲ್ಲಿಯ ಚರಿತ್ರೆ ಓದಲಿಕ್ಕೆ ಈ ಪೇಪರು ಯಾಕೆ ಬೇಕು ಅಂತ ಕಣ್ಣೂರಿನಲ್ಲಿ ಕೂತವರಿಗೆ ಅದರಿಂದ ಅರ್ಥ ಆದೀತು. ಕಲ್ಲನ್ನು ಆಸಿಡ್ ಹಾಕಿ ತೊಳೆಯಬೇಡಿ ಮತ್ತೆ.

ತೋಟದವ, ಬದಿಯಡ್ಕ:

ಎಲ್ಲರಿಗೂ ಉಪಕಾರ. ಮೊನ್ನೆ ವಿಭಾಗದ ಮುಖ್ಯಸ್ಥರನ್ನು ಕಂಡೆವು. ಅವರಿಗೆ ಕಲ್ಲಿನ ಫೋಟೋ ನೋಡಿಯೇ ಖುಷಿಯಾಯ್ತು, "ಪ್ರಿನ್ಸಿಪಾಲರ ಹತ್ತಿರ ನಾನೇ ಬರುತ್ತೇನೆ" ಅಂದಿದ್ದಾರೆ. ಮಂಗಳೂರಿನ ಮೇಡಂ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು: 45 ಗಂಟೆ, ಮೂರು ಕ್ರೆಡಿಟ್. ಅರ್ಜಿಯಲ್ಲಿ ತಳಂಗರೆ ಹಾಕಿದ್ದೇವೆ. ಉತ್ತರ ಬಂದಿಲ್ಲ, ಶನಿವಾರದ ಕ್ಲಾಸಿಗೆ ಮಾತ್ರ ಅವಳು ಹೋಗಲಿಕ್ಕೆ ಶುರು ಮಾಡಿದ್ದಾಳೆ. ಮಂಜೇಶ್ವರದ ಅಕ್ಕ ಬೈಯಬೇಡಿ, ಫೀಸು ಕಟ್ಟಲಿಲ್ಲ.

ಕಲ್ಲನ್ನು ಮೇಲೆ ತಂದು ಅಡಿಕೆ ಹಾಕುವ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮನೆಯವಳಿಗೆ ಒಗೆಯಲಿಕ್ಕೆ ಬೇರೆ ಕಲ್ಲು ಬೇಕಂತೆ, ಅದೊಂದು ಹೊಸ ಖರ್ಚು. ಇನ್ನೊಂದು ವಿಷಯ ಕೇಳಲಿಕ್ಕಿತ್ತು. ರೈಲಿನ ಸ್ಟೂಡೆಂಟ್ ಸೀಸನ್ನಿಗೆ ಯಾವ ಕಾಲೇಜಿನ ಸೀಲು ಬೇಕು, ಇಲ್ಲಿಯದ್ದೋ ಅಲ್ಲಿಯದ್ದೋ?

ಉಪ್ಪಳದ ಹುಡುಗ:

ಅಲ್ಲಿಯದ್ದು ಅಣ್ಣ. ಆದರೆ ವಾರಕ್ಕೆ ಒಂದು ದಿನಕ್ಕೆ ಸೀಸನ್ ಯಾಕೆ, ಟಿಕೆಟ್ ತೆಗೆದರೆ ಸಾಕು. ಈ ಸಲ ನಾನು ಸರಿಯಾಗಿಯೇ ಹೇಳಿದ್ದೇನೆ.