ಸಹಾಯ ಬೇಕು: ಕಸ ಆಗದಂತೆ ತಡೆಯೋ ವೆಬ್‌ಸೈಟ್‌ಗೆ, ಬೆಳಗಾವಿ

ನಮಸ್ಕಾರ ಎಲ್ಲರಿಗೂ. ಟಿಳಕವಾಡಿಯ ನಾವು ನಾಲ್ಕು ಜನ ಸೇರಿ ಸಣ್ಣ ವೆಬ್‌ಸೈಟ್ ಮಾಡುತ್ತಿದ್ದೇವೆ. ಕಸ ಬೇರೆ ಮಾಡೋದನ್ನ ಎಲ್ಲರೂ ಹೇಳುತ್ತಾರೆ, ಕಸವೇ ಆಗದಂತೆ ನೋಡಿಕೊಳ್ಳೋದು ಇನ್ನೂ ಮುಖ್ಯ ಅಲ್ವಾ? ಸೀಮಂತಕ್ಕೆ ಸ್ಟೀಲ್ ತಟ್ಟೆ-ಲೋಟ ಬಾಡಿಗೆಗೆ ಎಲ್ಲಿ ಸಿಗುತ್ತವೆ, ಮಿಕ್ಸರ್, ಛತ್ರಿ, ಬ್ಯಾಗಿನ ಜಿಪ್ ಯಾರು ರಿಪೇರಿ ಮಾಡುತ್ತಾರೆ, ಮನೆಯಿಂದ ಡಬ್ಬಿ ಒಯ್ದರೆ ಅದರಲ್ಲೇ ಕುಂದಾ ಹಾಕಿಕೊಡುವ ಅಂಗಡಿ ಯಾವುದು, ಇದೆಲ್ಲ ಓಣಿವಾರು ಹಾಕಬೇಕು ಅಂತಿದ್ದೇವೆ.

ತೊಡಕು ಇರೋದು ಅಂಗಡಿಯವರನ್ನು ಒಪ್ಪಿಸೋದರಲ್ಲಿ. ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಅದು ಅವರಿಗೂ ಗೊತ್ತು. ಆದರೆ ನಮ್ಮ ಸೈಟ್ ನೋಡಲು ಪುರುಸೊತ್ತಿಲ್ಲ ಅನ್ನುತ್ತಾರೆ, ಪಾಪ, ನಿಜವೇ. ಅದಕ್ಕೇ ಅಂಗಡಿಯವರಿಗೆ ಖರ್ಚು ಎಲ್ಲಿ ಉಳಿಯುತ್ತದೆ ಅಂತ ಒಂದೇ ಪುಟದಲ್ಲಿ, ಕನ್ನಡ ಮರಾಠಿ ಎರಡರಲ್ಲೂ ಬರೆದುಕೊಡುವವರು ಬೇಕು. ಖಡೇಬಜಾರ್, ಶಹಾಪುರದಲ್ಲಿ ಅಂಗಡಿ ಇರುವವರು ದಯವಿಟ್ಟು ಇಲ್ಲೇ ತಿಳಿಸಿ, ನಾವೇ ಬರುತ್ತೇವೆ.